ಉತ್ತರ: ಮೇಮ್ ಹೆಸರನ್ನ ಬೋರ್ಡಿಗೆ ಹಾಕಬಹುದಾ?

ಗಂಗಾವತಿಯಲ್ಲಿ ಆರ್ಕೇಡ್ ಪೆಟ್ಟಿಗೆ (ನಿಂತು ಆಡೋ ವಿಡಿಯೋ ಗೇಮ್ ಯಂತ್ರ) ಮಾಡಿ ಮಾರ್ತೀನಿ, ಹಳೇ ಆರ್ಕೇಡ್ ಆಟಗಳನ್ನ ಕಂಪ್ಯೂಟರಿನಲ್ಲಿ ನಡೆಸೋ ಮೇಮ್ ಸಾಫ್ಟ್‌ವೇರ್ ಓಪನ್ ಸೋರ್ಸ್ ಆಯ್ತಲ್ಲ, ಆ ಹೆಸರನ್ನೇ ಮೇಲೆ ದೊಡ್ಡದಾಗಿ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ ಸರ್. 2016ರಲ್ಲಿ ಯಾರು ಬೇಕಾದರೂ ಬಳಸಬಹುದು ಅಂತ ಮುಕ್ತವಾಗಿದ್ದು ಅದರ ಕೋಡ್ ಮಾತ್ರ. ಹೆಸರು, ಲೋಗೋ ಆ ಲೈಸೆನ್ಸಿನೊಳಗೆ ಬರೋದಿಲ್ಲ.

ಇದರ ಹಿಂದೆ ದೊಡ್ಡ ಜಗಳವೇ ನಡೆದಿದೆ. 2005ರಲ್ಲಿ ಆರ್ಕೇಡ್ ಯಂತ್ರ ಮಾರೋ ಅಮೆರಿಕದ ಅಲ್ಟ್ರಾಕೇಡ್ ಕಂಪನಿಯವರು ಮೇಮ್ ಹೆಸರನ್ನ ತಮ್ಮ ಟ್ರೇಡ್‌ಮಾರ್ಕ್ ಮಾಡ್ಕೊಳ್ಳೋಕೆ ಹೊರಟರು. 1997ರಿಂದ ಮೇಮ್‌ಗಾಗಿ ಪುಕ್ಕಟೆ ದುಡಿದವರು ಸುಮ್ಮನಿರ್ತಾರಾ? ಗಲಾಟೆ ಎದ್ದಿತು, ಅವರ ಪ್ರಯತ್ನ ಕೈಗೂಡಲಿಲ್ಲ. ಆಮೇಲೆ ಮೇಮ್ ಕಡೆಯವರೇ ನೋಂದಣಿ ಮಾಡಿಸಿಕೊಂಡರು.

"ಇದರಲ್ಲಿ ಮೇಮ್ ನಡೆಯುತ್ತೆ" ಅಂತ ವಿವರಣೆಯಲ್ಲಿ ಸಣ್ಣದಾಗಿ ಬರೆಯೋದು ಬೇರೆ ಮಾತು. ಇದ್ದದ್ದನ್ನ ಪ್ರಾಮಾಣಿಕವಾಗಿ ಹೇಳೋಕೆ ನಮ್ಮ ದೇಶದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಸೆಕ್ಷನ್ನಿನಲ್ಲಿ ಜಾಗ ಇದೆ.

ನೀವು ಕಳಿಸಿದ ಫೋಟೋದಲ್ಲಿ ಪೆಟ್ಟಿಗೆಯ ಪಕ್ಕದ ಹಲಗೆ ಮೇಲೆ ಪ್ಯಾಕ್-ಮ್ಯಾನ್ ಸ್ಟಿಕ್ಕರ್ ಕಾಣ್ತಿದೆ. ಮೊದಲು ಅದನ್ನ ಕೀಳಿ, ಅದು ಬಂದಾಯ್ ನಾಮ್ಕೋದವರ ಆಸ್ತಿ. ನಮ್ಮ ಬಳ್ಳಾರಿ ಫ್ಲೆಕ್ಸ್ ಅಂಗಡಿಯವರು ಏನು ಕೇಳಿದರೂ ನೆಟ್‌ನಿಂದ ಇಳಿಸಿ ಪ್ರಿಂಟ್ ಹಾಕಿ ಕೊಡ್ತಾರೆ, ನೋಟಿಸ್ ಬರೋದು ನಿಮ್ಮ ಮನೆಗೆ. (ಗೇಮ್ ಫೈಲು ತುಂಬಿ ಮಾರೋದು ಕಾಪಿರೈಟಿನ ಬೇರೆ ತಲೆನೋವು, ಅದನ್ನಂತೂ ಮಾಡಲೇಬೇಡಿ.)

ನಿಮ್ಮದೇ ಒಂದು ಹೆಸರಿಡಿ. ಅದು ಬೇರೆಯವರದ್ದಾಗಿದೆಯಾ ಅಂತ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ತಾಣದಲ್ಲಿ ಪುಕ್ಕಟೆ ಹುಡುಕಿ ನೋಡಿ, ಆಮೇಲೆ 28ನೇ ವರ್ಗದಲ್ಲಿ (ಆಟದ ಸಾಮಾನುಗಳ ವರ್ಗ) ಅರ್ಜಿ ಹಾಕಿ. ಒಬ್ಬರ ಹೆಸರಲ್ಲಾದರೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ನಮ್ಮ ಕಡೆಯ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತೆ.