ಹಳ್ಳಿ ಶಾಲೆಗೆ ಹೊಸ ಕೊಠಡಿ ಕಟ್ಟುವಾಗ ಕಾರ್ಬನ್ ಕಡಿಮೆ ಮಾಡುವುದು ಹೇಗೆ? ಸೋಲಾರ್ ಹಾಕಿದರೆ ಸಾಕಾ?

ಸೋಲಾರ್ ಒಳ್ಳೆಯದೇ. ಆದರೆ ಹಳ್ಳಿ ಶಾಲೆಯಲ್ಲಿ ಉರಿಯುವುದು ನಾಲ್ಕು ಲೈಟು, ನಾಲ್ಕು ಫ್ಯಾನು, ಅಲ್ವಾ? ಜಾಸ್ತಿ ಕಾರ್ಬನ್ ಗಾಳಿಗೆ ಸೇರುವುದು ಸಿಮೆಂಟು, ಕಬ್ಬಿಣ, ಸುಟ್ಟ ಇಟ್ಟಿಗೆ ತಯಾರಿಸುವಾಗ. ಹಾಗಾಗಿ ಗೋಡೆಯಿಂದ ಶುರು ಮಾಡಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಶುರುವಾದ 'ಅಸ್ತ್ರ' ತಂಡ ಮಣ್ಣಿನ ಬ್ಲಾಕ್ ಮೇಲೆ ತುಂಬಾ ಕೆಲಸ ಮಾಡಿದೆ. ಕೆಂಪು ಮಣ್ಣು, ಮರಳು, ಸುಮಾರು 7% ಸಿಮೆಂಟು. ಸ್ವಲ್ಪ ನೀರು ಚಿಮುಕಿಸಿ ಕೈಯಂತ್ರದಲ್ಲಿ ಒತ್ತಿದರೆ ಬ್ಲಾಕ್ ರೆಡಿ. ಗೂಡಿನಲ್ಲಿ ಸುಡುವ ಮಾತೇ ಇಲ್ಲ. ಹದ ನೋಡಲು ಒಂದು ಹಿಡಿ ಮಣ್ಣು ಉಂಡೆ ಕಟ್ಟಿ, ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ಪುಡಿಪುಡಿಯಾದರೆ ನೀರು ಸಾಲದು. ಚಪ್ಪಟೆಯಾಗಿ ಕೂತರೆ ಜಾಸ್ತಿಯಾಯಿತು. ನಾಲ್ಕೈದು ತುಂಡಾದರೆ ಸರಿ. ಒತ್ತಿದ ಬ್ಲಾಕಿಗೆ ಆಮೇಲೆ ಮೂರ್ನಾಲ್ಕು ವಾರ ಕ್ಯೂರಿಂಗ್ ಬೇಕು, ಅಂದರೆ ಗಟ್ಟಿಯಾಗುವವರೆಗೆ ತೇವ ಆರದಂತೆ ಇಡಬೇಕು. ಕಂಟ್ರಾಕ್ಟರ್ ಅವಸರ ಮಾಡುವುದು ಇಲ್ಲೇ, ಬಿಡಬೇಡಿ. ಎರೆಮಣ್ಣಿನ ಊರಾದರೆ ಈ ಲೆಕ್ಕ ನಡೆಯಲ್ಲ. ಆ ಮಣ್ಣು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ.

ಚಾವಣಿಗೆ ಫಿಲ್ಲರ್ ಸ್ಲ್ಯಾಬ್ ಕೇಳಿ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಂಬಿ, ಕಾಂಕ್ರೀಟು ಅಲ್ಲಿ ಸುಮ್ನೆ ಭಾರ. ಅದರ ಬದಲು ಕಂಬಿಗಳ ನಡುವೆ ಹಳೇ ಮಂಗಳೂರು ಹೆಂಚು ಇಡುತ್ತಾರೆ. ವಿನ್ಯಾಸ ಮಾತ್ರ ಎಂಜಿನಿಯರೇ ಮಾಡಲಿ.

ಸೆಕೆಗೆ ಉತ್ತರ ಬೇಕೆಂದರೆ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಗಾಂಡೋ ಶಾಲೆಯ ಫೋಟೋ ಹುಡುಕಿ. 2001ರಲ್ಲಿ ಮುಗಿದ ಮಣ್ಣಿನ ಕಟ್ಟಡ. ಮಾಡಿದವರು ಫ್ರಾನ್ಸಿಸ್ ಕೆರೆ (ಹೌದು, ಹೆಸರೇ ಕೆರೆ!), ವಾಸ್ತುಶಿಲ್ಪಕ್ಕೆ ಕೊಡುವ ಪ್ರಿಟ್ಜ್ಕರ್ ಪ್ರಶಸ್ತಿಯನ್ನು 2022ರಲ್ಲಿ ಪಡೆದವರು. ತಗಡಿನ ಚಾವಣಿಯನ್ನು ಇಟ್ಟಿಗೆಯ ಸೀಲಿಂಗಿನಿಂದ ಮೇಲಕ್ಕೆತ್ತಿ ನಿಲ್ಲಿಸಿದ್ದಾರೆ. ಬಿಸಿಗಾಳಿ ಆ ಸಂದಿಯಲ್ಲೇ ಹೊರಗೆ ಹೋಗುತ್ತದೆ.