ಪ್ರತಿಕ್ರಿಯೆ: ಮುಹಮ್ಮದ್ ಅಲಿ ಚಾಂಪಿಯನ್ ಆಗಿದ್ದು ಮೂರು ಸಲವೋ, ನಾಲ್ಕು ಸಲವೋ?
ನಿಮ್ಮ ಪಟ್ಟಿಯಲ್ಲಿ ಬಾಕ್ಸರ್ ಅಲಿ ನಾಲ್ಕು ಸಲ ಹೆವಿವೇಟ್ ಚಾಂಪಿಯನ್, ಉಳಿದೆಡೆಯೆಲ್ಲ ಮೂರೇ ಸಲ ಎಂದು ಬರುತ್ತಿರುವುದಕ್ಕೆ ಕಾರಣ ಬಹುಶಃ 1967ರ ಎರ್ನಿ ಟೆರೆಲ್ ಪಂದ್ಯ. ಪಟ್ಟಿ ನೋಡದೆ ಹೇಳುತ್ತಿದ್ದೇನೆ, ಆದರೆ ಈ ಎಣಿಕೆ ತಪ್ಪುವುದು ಹೆಚ್ಚಾಗಿ ಅಲ್ಲೇ.

ಮೊದಲು 'ಯಾವ ಸಂಸ್ಥೆಯ ಪಟ್ಟ' ಎಂಬ ಕಾಲಂ ಸೇರಿಸಿ. 1964ರ ಫೆಬ್ರವರಿ 25ರಂದು ಸನ್ನಿ ಲಿಸ್ಟನ್ ಅವರನ್ನು ಸೋಲಿಸಿ ಅಲಿ ಚಾಂಪಿಯನ್ ಆದರು. ಲಿಸ್ಟನ್ ಜೊತೆ ಮರುಪಂದ್ಯಕ್ಕೆ ಒಪ್ಪಿದರೆಂದು ಡಬ್ಲ್ಯುಬಿಎ (ವಿಶ್ವ ಬಾಕ್ಸಿಂಗ್ ಸಂಘ) ಅದೇ ವರ್ಷ ತನ್ನ ಮನ್ನಣೆ ಹಿಂತೆಗೆದುಕೊಂಡಿತು. ಆ ಪಟ್ಟ 1965ರಲ್ಲಿ ಟೆರೆಲ್ ಪಾಲಾಯಿತು. ರಿಂಗ್‌ನಲ್ಲಿ ಅಲಿ ಸೋತೇ ಇರಲಿಲ್ಲ. ಹಾಗಾಗಿ 1967ರ ಫೆಬ್ರವರಿ 6ರಂದು ಟೆರೆಲ್ ವಿರುದ್ಧ ಬಂದ ಗೆಲುವನ್ನು 1964ರ ಅವಧಿಯೊಳಗೇ ಸೇರಿಸಿ.

ಆಮೇಲೆ 1967ರ ಏಪ್ರಿಲ್ 28: ಸೇನೆಗೆ ಸೇರಲು ನಿರಾಕರಣೆ. ಇಲ್ಲಿ 'ಸೋಲು' ಅಂತ ಬರೆಯಲೇಬೇಡಿ, 'ಪಟ್ಟ ರದ್ದು' ಎನ್ನಿ. ಮೊದಲ ಸೋಲು 1971ರ ಮಾರ್ಚ್ 8ರಂದು, ಜೋ ಫ್ರೇಜಿಯರ್ ಎದುರು.

ಎರಡನೆಯ ಅವಧಿ 1974ರ ಅಕ್ಟೋಬರ್ 30, ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ವಿರುದ್ಧ. ಅಮೆರಿಕದಲ್ಲಿ ಆಗ 29ರ ರಾತ್ರಿ. ಪಂದ್ಯ ನಡೆದ ಊರಿನ ತಾರೀಖನ್ನೇ ಹಾಕಿ.

ಮೂರನೆಯದು 1978ರ ಸೆಪ್ಟೆಂಬರ್ 15, ಲಿಯಾನ್ ಸ್ಪಿಂಕ್ಸ್ ವಿರುದ್ಧ. ಇದಕ್ಕೆ ಡಬ್ಲ್ಯುಬಿಎ ಒಂದನ್ನೇ ನಮೂದಿಸಿ, ಏಕೆಂದರೆ ಇನ್ನೊಂದು ಸಂಸ್ಥೆ ಡಬ್ಲ್ಯುಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಅಷ್ಟರಲ್ಲಿ ಸ್ಪಿಂಕ್ಸ್ ಅವರಿಂದ ತನ್ನ ಪಟ್ಟ ಕಿತ್ತು ಕೆನ್ ನಾರ್ಟನ್‌ಗೆ ಕೊಟ್ಟಿತ್ತು.

ಕೊನೆಗೆ ಒಟ್ಟು ತಾಳೆ ನೋಡಿ: 61 ಪಂದ್ಯ, 56 ಗೆಲುವು (ನಾಕೌಟ್ 37), 5 ಸೋಲು. 62 ಬಂದರೆ 1976ರಲ್ಲಿ ಜಪಾನಿನ ಕುಸ್ತಿಪಟು ಇನೋಕಿ ಜೊತೆ ನಡೆದ ಪ್ರದರ್ಶನ ಪಂದ್ಯ ಒಳಗೆ ಸೇರಿರಬಹುದು, ಅದನ್ನು ತೆಗೆಯಿರಿ.