ಹಳೆಯ ಮೈಕ್ ಪ್ರೀಆಂಪ್ ಕಾರ್ಡ್‌ಗಳನ್ನು ಮನೆಯಲ್ಲೇ ಪೆಟ್ಟಿಗೆಗೆ ಕೂರಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಯಾವುದೋ ಹಳೆಯ ಮಿಕ್ಸಿಂಗ್ ಕನ್ಸೋಲ್‌ನಿಂದ ಬಿಚ್ಚಿದ, ಎಪಿಐ ಕಂಪನಿಯ 312 ಮಾದರಿಯ ಎರಡು ಮೈಕ್ ಪ್ರೀಆಂಪ್ (ಮೈಕ್‌ನ ಕ್ಷೀಣ ಸಂಕೇತವನ್ನು ಹಿಗ್ಗಿಸುವ) ಕಾರ್ಡ್‌ಗಳು ಸಿಕ್ಕಿವೆ, ಬೆಸುಗೆ ಹಾಕಲು ಬರುತ್ತದೆ, ಮಂಡ್ಯದ ಮನೆಯಲ್ಲಿ ಅಕ್ಕನ ವೀಣೆಯನ್ನು ರೆಕಾರ್ಡ್ ಮಾಡಬೇಕು. ಕಾರ್ಡ್‌ನಲ್ಲಿ ಏನೇನು ಬದಲಿಸಿದರೆ ಧ್ವನಿ ಸುಧಾರಿಸುತ್ತದೆ? ಇದು ಮನೆಯಲ್ಲಿ ಆಗುವ ಕೆಲಸವೇ?

ಧಾರಾಳವಾಗಿ ಆಗುತ್ತದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ರೇಡಿಯೊ ನಿಲಯವನ್ನೇ ತಮ್ಮ ಮನೆಯಲ್ಲಿ ನಡೆಸಿದ್ದರು. ಎರಡು ಕಾರ್ಡ್‌ಗಳಿಗೆ ಅಂಜಬೇಕಿಲ್ಲ. ನಾನು ಮೈಸೂರಿನಲ್ಲಿ ಇದೇ ಬಗೆಯ ಕಾರ್ಡ್‌ಗಳನ್ನು ಪೆಟ್ಟಿಗೆಗೆ ಕೂರಿಸಿ ಬಳಸುತ್ತಿದ್ದೇನೆ, ಸಂಗೀತದ ಗೆಳೆಯರಿಗೂ ಮಾಡಿಕೊಟ್ಟಿದ್ದೇನೆ. ಆದರೆ ನಿಮ್ಮ ಗಮನ ಈಗ ಇರಬೇಕಾದದ್ದು ಕಾರ್ಡ್‌ನ ಮೇಲಲ್ಲ. ಎಪಿಐನ ಸಾಲ್ ವಾಕರ್ ರೂಪಿಸಿದ 2520 ಆಂಪ್ಲಿಫೈಯರ್, ಅದರ ಹಿಂದೊಂದು ಮುಂದೊಂದು ಟ್ರಾನ್ಸ್‌ಫಾರ್ಮರ್: ಕಾರ್ಡ್‌ನ ಸೊಗಸೆಲ್ಲ ಇಷ್ಟರಲ್ಲೇ ಇದೆ, ಅದಕ್ಕೆ ಕೈ ಹಚ್ಚಬೇಡಿ. ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಮಾತ್ರ ಬದಲಿಸಿ. ಟ್ಯಾಂಟಲಮ್ ಇದ್ದರೆ ಅವನ್ನೂ ತೆಗೆಯಿರಿ, ಹಳೆಯವು ಕೆಟ್ಟರೆ ಶಾರ್ಟ್ ಆಗಿ ಪಕ್ಕದ ಭಾಗಗಳನ್ನೂ ಸುಡುತ್ತವೆ. ಹಳೆಯ ಬೋರ್ಡ್‌ನ ತಾಮ್ರದ ಪಟ್ಟಿ ಬಿಸಿಗೆ ಬೇಗ ಏಳುತ್ತದೆ, ಆದ್ದರಿಂದ ಬೆಸುಗೆ ಕಬ್ಬಿಣವನ್ನು ಒತ್ತಿ ಹಿಡಿಯಬೇಡಿ. ಕಾರ್ಡ್‌ನ ಕೆಲಸ ಅಲ್ಲಿಗೆ ಮುಗಿಯಿತು.

ಹಣ ಮತ್ತು ತಾಳ್ಮೆ ಎರಡನ್ನೂ ಪವರ್ ಸಪ್ಲೈ ಮತ್ತು ಪೆಟ್ಟಿಗೆಗೆ ಮೀಸಲಿಡಿ. ವೀಣೆಗೆ ಇದು ಇನ್ನಷ್ಟು ಮುಖ್ಯ. ಒಂದೇ ಮೀಟಿನಲ್ಲಿ ತಂತಿಯನ್ನು ಎಳೆದು ಮೂರು ನಾಲ್ಕು ಸ್ವರ ತೆಗೆಯುವಾಗ ಕೊನೆಯ ಸ್ವರ ಹೊತ್ತಿಗೆ ನಾದ ಬಹಳ ಇಳಿದಿರುತ್ತದೆ. ಗಮಕದ ಆ ಬಾಲವೇ ವೀಣೆಯ ಪ್ರಾಣ. ಅದು ಕೇಳಬೇಕೆಂದರೆ ಪ್ರೀಆಂಪ್‌ನ ಗೇನ್ (ಹಿಗ್ಗಿಸುವ ಪ್ರಮಾಣ) ಏರಿಸಲೇಬೇಕು, ಏರಿಸಿದಾಗ ಪೆಟ್ಟಿಗೆಯಲ್ಲಿರುವ ಗುಂಯ್ ಸದ್ದೂ ಅಷ್ಟೇ ಏರುತ್ತದೆ. ಎಷ್ಟೇ ಬೆಲೆಯ ಕಾರ್ಡ್ ಇದ್ದರೂ ಆ ಸದ್ದು ಗಮಕವನ್ನು ನುಂಗಿಬಿಡುತ್ತದೆ.

ಮೊದಲ ನಿಯಮ, ಮೇನ್ಸ್ ಟ್ರಾನ್ಸ್‌ಫಾರ್ಮರನ್ನು ಕಾರ್ಡ್‌ಗಳಿರುವ ಪೆಟ್ಟಿಗೆಯಲ್ಲಿ ಇಡಬೇಡಿ. ಅದರ 50 ಹರ್ಟ್ಜ್ ಕಾಂತಕ್ಷೇತ್ರವನ್ನು ಕಾರ್ಡ್‌ನ ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ನೇರವಾಗಿ ಹೀರಿಕೊಳ್ಳುತ್ತದೆ. ಅಲ್ಯೂಮಿನಿಯಂ ತಗಡು ಅದನ್ನು ತಡೆಯುವುದಿಲ್ಲ, ಉಕ್ಕು ಸ್ವಲ್ಪಮಟ್ಟಿಗೆ ತಡೆಯುತ್ತದೆ. ದೂರವೇ ನಿಜವಾದ ಮದ್ದು. ಪವರ್ ಸಪ್ಲೈಗೆ ಬೇರೆ ಪೆಟ್ಟಿಗೆ ಮಾಡಿ, ಒಂದು ಮೀಟರ್ ಕೇಬಲ್ಲಿನಲ್ಲಿ ಡಿಸಿ ಮಾತ್ರ ಕಳುಹಿಸಿ.

ಈ ಕಾರ್ಡ್‌ಗೆ ಬೇಕಾದದ್ದು ಧನ 16 ಮತ್ತು ಋಣ 16 ವೋಲ್ಟ್, ಜೊತೆಗೆ ಕಂಡೆನ್ಸರ್ ಮೈಕ್‌ಗೆ 48 ವೋಲ್ಟ್ ಫ್ಯಾಂಟಮ್, ಅಂದರೆ ಮೈಕ್ ಕೇಬಲ್ಲಿನಲ್ಲೇ ಹೋಗುವ ವಿದ್ಯುತ್. ಧನ-ಋಣ 16 ವೋಲ್ಟ್‌ಗೆ 18-0-18 ಟ್ರಾನ್ಸ್‌ಫಾರ್ಮರ್, ವೋಲ್ಟೇಜನ್ನು ಸ್ಥಿರವಾಗಿಡುವ ಎಲ್ಎಂ317 ಮತ್ತು ಎಲ್ಎಂ337 ರೆಗ್ಯುಲೇಟರ್‌ಗಳು ಸಾಕು. ಇಲ್ಲಿ ಒಂದು ಸೂಕ್ಷ್ಮವಿದೆ. 317ರ ಬೆನ್ನಿನ ಲೋಹದ ಹಲಗೆ ಅದರ ಔಟ್‌ಪುಟ್‌ಗೆ ಸೇರಿದೆ, 337ರದ್ದು ಇನ್‌ಪುಟ್‌ಗೆ. ಎರಡನ್ನೂ ಹಾಗೆಯೇ ಒಂದೇ ಹೀಟ್‌ಸಿಂಕ್‌ಗೆ ಸ್ಕ್ರೂ ಹಾಕಿದರೆ ಧನವೂ ಋಣವೂ ಮುಖಾಮುಖಿ ಶಾರ್ಟ್ ಆಗುತ್ತವೆ. ಅಭ್ರಕದ ಹಾಳೆ ಮತ್ತು ಪ್ಲಾಸ್ಟಿಕ್ ಬುಷ್ ಎರಡೂ ಹಾಕಿ, ಕರೆಂಟ್ ಕೊಡುವ ಮೊದಲು ಮೀಟರ್‌ನಲ್ಲಿ ಬೀಪ್ ಬರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. 48 ವೋಲ್ಟ್‌ಗೆ ಸಾಮಾನ್ಯ 317 ನೆಚ್ಚಬೇಡಿ. ಅದರ ಎರಡು ತುದಿಗಳ ನಡುವಿನ ಮಿತಿ 40 ವೋಲ್ಟ್, ಔಟ್‌ಪುಟ್ ಒಮ್ಮೆ ಶಾರ್ಟ್ ಆದರೆ ಆ ಮಿತಿ ದಾಟಿಹೋಗುತ್ತದೆ. ಹೆಚ್ಚು ವೋಲ್ಟೇಜ್ ತಾಳುವ ಟಿಎಲ್783 ರೆಗ್ಯುಲೇಟರ್ ಬಳಸಿ.

ಫ್ಯಾಂಟಮ್ ವೋಲ್ಟೇಜ್ ಮೈಕ್‌ಗೆ ಹೋಗುವುದು 6.8 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳ ಮೂಲಕ. ಒಂದು ಎಕ್ಸ್ಎಲ್ಆರ್‌ನ (ಮೈಕ್ ಕೇಬಲ್‌ನ ಮೂರು ಪಿನ್ನಿನ ಕನೆಕ್ಟರ್) ಎರಡನೇ ಪಿನ್‌ಗೆ, ಇನ್ನೊಂದು ಮೂರನೆಯದಕ್ಕೆ. ಇವುಗಳ ಬೆಲೆ 6.8 ಆಗಿರಲಿ 6.85 ಆಗಿರಲಿ ಚಿಂತೆಯಿಲ್ಲ, ಎರಡೂ ಒಂದೇ ಆಗಿರಬೇಕು. ಮಾನದಂಡದ ಪ್ರಕಾರ ವ್ಯತ್ಯಾಸ ಶೇ. 0.4 ಮೀರಬಾರದು, ಅಂದರೆ 27 ಓಮ್. ಶೇ. 1ರ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳನ್ನು ಇಪ್ಪತ್ತರಷ್ಟು ಕೊಳ್ಳಿ, ಬಿಡಿಯಾಗಿ ಪುಡಿಗಾಸಿಗೆ ಬರುತ್ತವೆ. ಮಲ್ಟಿಮೀಟರನ್ನು 20ಕೆ ರೇಂಜ್‌ಗೆ ತಿರುಗಿಸಿ ಒಂದೊಂದನ್ನೇ ಅಳೆದು, ಓದಿದ ಅಂಕಿಯನ್ನು ಕಾಗದದ ಮೇಲೆ ಬರೆದು ಅದರ ಮೇಲೇ ಇಡುತ್ತಾ ಹೋಗಿ. ಆ ರೇಂಜ್‌ನಲ್ಲಿ ಕೊನೆಯ ಅಂಕಿಯ ಒಂದು ಹೆಜ್ಜೆ ಹತ್ತು ಓಮ್. 6.79, 6.81, 6.79 ಹೀಗೆ ಸಾಲು ಬೆಳೆಯುತ್ತದೆ, ಒಂದೇ ಅಂಕಿ ತೋರಿಸಿದ ಜೋಡಿಗಳನ್ನು ಆರಿಸಿಕೊಳ್ಳಿ. ಅಳೆಯುವಾಗ ರೆಸಿಸ್ಟರ್‌ನ ಎರಡೂ ಕಾಲುಗಳನ್ನು ಬೆರಳಿನಿಂದ ಹಿಡಿಯಬೇಡಿ, ಮೈಯ ರೋಧವೂ ಲೆಕ್ಕಕ್ಕೆ ಸೇರುತ್ತದೆ. ಅರ್ಧ ಗಂಟೆಯ ಈ ಕೆಲಸ ಕೇಬಲ್‌ನಿಂದ ನುಗ್ಗುವ ಗದ್ದಲವನ್ನು ಗಣನೀಯವಾಗಿ ತಗ್ಗಿಸುತ್ತದೆ.

ಇನ್ನು ಪೆಟ್ಟಿಗೆ. ರ‍್ಯಾಕ್‌ನ (ಉಪಕರಣ ಕೂರಿಸುವ ಚೌಕಟ್ಟಿನ) ಅಗಲ 482.6 ಮಿ.ಮೀ., ಒಂದು ಯೂನಿಟ್‌ನ ಎತ್ತರ 44.45 ಮಿ.ಮೀ. ನೀವು ಎರಡು ಯೂನಿಟ್ ಎತ್ತರದ್ದನ್ನೇ ಮಾಡಿಸಿ, ಒಳಗೆ ಕೈ ಆಡಬೇಕು. ಎಕ್ಸ್ಎಲ್ಆರ್ ಕನೆಕ್ಟರ್‌ಗೆ 24 ಮಿ.ಮೀ. ತೂತು. ನಿಮಗೆ ತೂಬಿನಕೆರೆ ಕೈಗಾರಿಕಾ ಪ್ರದೇಶ ಹತ್ತಿರ, ಇಲ್ಲದಿದ್ದರೆ ಮೈಸೂರಿನ ಹೆಬ್ಬಾಳ. ಅಳತೆ ಬರೆದ ಚಿತ್ರವನ್ನು ಲೇಸರ್ ಕಟಿಂಗ್ ಮಾಡುವವರ ಬಳಿಗೆ ಒಯ್ಯಿರಿ, ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಒಂದು ದಿನ ಹೋಗಿಬನ್ನಿ.

ಎಕ್ಸ್ಎಲ್ಆರ್‌ನ ಒಂದನೇ ಪಿನ್ ನೇರವಾಗಿ, ಆದಷ್ಟು ಗಿಡ್ಡ ತಂತಿಯಲ್ಲಿ, ಪೆಟ್ಟಿಗೆಯ ಲೋಹಕ್ಕೆ ಸೇರಬೇಕು. ಅದನ್ನು ಕಾರ್ಡ್‌ನ ಗ್ರೌಂಡ್‌ಗೆ ಸೇರಿಸಿದರೆ ಕೇಬಲ್‌ನ ಹೊರಕವಚ ಹೊತ್ತು ತಂದ ಕೊಳೆಯೆಲ್ಲ ಆಂಪ್ಲಿಫೈಯರ್ ಒಳಗೇ ಹರಿಯುತ್ತದೆ. 1995ರಲ್ಲಿ ಆಡಿಯೊ ಎಂಜಿನಿಯರ್ ನೀಲ್ ಮನ್ಸಿ ಇದನ್ನು ವಿವರವಾಗಿ ಬರೆದ ಮೇಲೂ ಈ ದೋಷವಿರುವ ಪೆಟ್ಟಿಗೆಗಳು ಬರುತ್ತಲೇ ಇವೆ, ಇದು ನನಗೆ ಬೇಸರದ ಸಂಗತಿ. ಅಂದಕ್ಕಾಗಿ ಆನೊಡೈಸ್ ಅಥವಾ ಪೌಡರ್ ಕೋಟಿಂಗ್ ಮಾಡಿಸಿದ್ದರೆ ಒಂದು ಕೆಲಸ ಹೆಚ್ಚು: ಆ ಲೇಪ ವಿದ್ಯುತ್ತನ್ನು ಬಿಡುವುದಿಲ್ಲ. ಸ್ಕ್ರೂ ಕೂರುವ ಜಾಗದಲ್ಲಿ ಮರಳುಕಾಗದದಿಂದ ಉಜ್ಜಿ, ಲೋಹ ಹೊಳೆಯುವವರೆಗೂ ಬಿಡಬೇಡಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಕಾರ್ಡ್‌ಗಳ ಗ್ರೌಂಡ್ ತಂತಿಗಳು ಬೇರೆ ಬೇರೆಯಾಗಿ ಬಂದು ಒಂದೇ ಬಿಂದುವಿನಲ್ಲಿ ಸೇರಲಿ, ಆ ಬಿಂದು ಒಂದೇ ಕಡೆ ಪೆಟ್ಟಿಗೆಯನ್ನು ಮುಟ್ಟಲಿ. ಪವರ್ ಸಪ್ಲೈ ಪೆಟ್ಟಿಗೆಗೆ ಫ್ಯೂಸ್ ಮತ್ತು ಮೂರು ಪಿನ್ನಿನ ಅರ್ಥಿಂಗ್ ಕಡ್ಡಾಯ. ಮನೆಯ ಸಾಕೆಟ್‌ನಲ್ಲಿ ಅರ್ಥಿಂಗ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ಗುಂಯ್ ಸದ್ದು ನಿಲ್ಲಿಸಲು ಅರ್ಥಿಂಗ್ ಪಿನ್ ಮುರಿಯಿರಿ ಎಂದು ಹೇಳುವವರಿದ್ದಾರೆ, ಅವರ ಮಾತು ಕೇಳಬೇಡಿ, ಇದು ಜೀವದ ಪ್ರಶ್ನೆ.

ಮೊದಲ ಸಲ ಕರೆಂಟ್ ಕೊಡುವಾಗ ಹಳೆಯ 60 ವ್ಯಾಟ್‌ನ ತಂತಿಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಈ ಹಂತದಲ್ಲಿ ಕಾರ್ಡ್‌ಗಳು ಒಳಗಿರಬಾರದು. ಕಾರ್ಡ್ ಕೂರುವ ಖಾಲಿ ಕನೆಕ್ಟರ್‌ನ ಪ್ರತಿ ಕಾಲಿನಲ್ಲೂ ಬರಬೇಕಾದ ವೋಲ್ಟೇಜ್ ಬರುತ್ತಿದೆಯೆಂದು ಅಳೆದ ಮೇಲೆಯೇ ಒಂದು ಕಾರ್ಡ್ ಕೂರಿಸಿ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಇಲ್ಲಿ ಅಕ್ಷರಶಃ ನಿಜ, ಹಳೆಯ 2520 ಸುಟ್ಟರೆ ಅಂಥದ್ದೇ ಇನ್ನೊಂದು ಸುಲಭಕ್ಕೆ ಸಿಗುವುದಿಲ್ಲ.

ಗೇನ್‌ಗೆ ಪೊಟೆನ್ಶಿಯೋಮೀಟರ್ ಬದಲು ರೋಟರಿ ಸ್ವಿಚ್ ಹಾಕಿ, ಎರಡೂ ಚಾನೆಲ್ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ. ಪೊಟೆನ್ಶಿಯೋಮೀಟರೇ ಬೇಕೆಂದರೆ ರಿವರ್ಸ್ ಲಾಗ್ ಕೊಳ್ಳಿ. ಸಾಮಾನ್ಯದ್ದರಲ್ಲಿ ಗೇನ್ ಎಲ್ಲವೂ ಕೊನೆಯ ಚೂರು ತಿರುವಿನಲ್ಲಿ ಒಟ್ಟಿಗೆ ನುಗ್ಗುತ್ತದೆ.

ಪರೀಕ್ಷೆಗೆ ಮೈಕ್ ಬೇಡ. ಒಂದು ಎಕ್ಸ್ಎಲ್ಆರ್ ಪ್ಲಗ್‌ನ ಎರಡು ಮತ್ತು ಮೂರನೇ ಪಿನ್‌ಗಳ ನಡುವೆ 150 ಓಮ್ ರೆಸಿಸ್ಟರ್ ಬೆಸೆದು ಇನ್‌ಪುಟ್‌ಗೆ ಚುಚ್ಚಿ, ಫ್ಯಾಂಟಮ್ ಆಫ್ ಮಾಡಿ, ಗೇನ್ ಪೂರ್ತಿ ಏರಿಸಿ ಹೆಡ್‌ಫೋನ್‌ನಲ್ಲಿ ಕೇಳಿ. ಸುಂಯ್ ಎನ್ನುವ ಸಮನಾದ ಸದ್ದು ಮಾತ್ರ ಇರಬೇಕು, ಅದು ರೆಸಿಸ್ಟರ್‌ನ ಸಹಜ ಗುಣ, ಯಾರೂ ತೆಗೆಯಲಾರರು. ಗುಂಯ್ ಕೇಳಿಸಿದರೆ ಅಕ್ಕನನ್ನು ಕರೆಯಿರಿ, ಅವರ ಕಿವಿ ನಿಮಗಿಂತ ಚುರುಕಾಗಿರುತ್ತದೆ. ಮಂದ್ರದ ನಯವಾದ ಗುಂಯ್ ಆದರೆ 50 ಹರ್ಟ್ಜ್, ಕಾಂತಕ್ಷೇತ್ರದಿಂದಲೋ ಗ್ರೌಂಡ್ ಲೂಪ್‌ನಿಂದಲೋ (ಗ್ರೌಂಡ್ ಒಂದಕ್ಕಿಂತ ಹೆಚ್ಚು ಕಡೆ ಸೇರಿ ಆದ ಸುತ್ತು) ಬಂದದ್ದು. ಸರಿಯಾಗಿ ಅದರ ಮೇಲಿನ ಸ್ಥಾಯಿಯಲ್ಲಿ, ಒರಟಾಗಿ ಝೇಂಕರಿಸಿದರೆ 100 ಹರ್ಟ್ಜ್, ರೆಕ್ಟಿಫೈಯರ್ ಮತ್ತು ಫಿಲ್ಟರ್ ಕೆಪಾಸಿಟರ್‌ಗಳ ತಂತಿ ನೋಡಿ.

ಕಾರ್ಡ್‌ನ ಎರಡೂ ಬದಿಯ ಚಿತ್ರ ಹಾಕಿ, ಅಂಚಿನ ಚಿನ್ನದ ಪಟ್ಟಿಗಳು ಎಷ್ಟಿವೆ, ಒಂದರಿಂದ ಇನ್ನೊಂದಕ್ಕೆ ಎಷ್ಟು ಮಿ.ಮೀ. ಅಂತರ ಎಂದು ತಿಳಿಸಿ. ಯಾವ ಕಾಲಿಗೆ ಯಾವ ತಂತಿ ಎಂಬುದನ್ನು ಅದನ್ನು ನೋಡಿ ಬರೆದುಕೊಡುತ್ತೇನೆ.